ಆಕಾಶದ ಸಾಕ್ಷಿ

ಬೆಳೆ ಹೋಯಿತೆಂದು ರೈತ ಹೇಳಿದರೆ ಸಾಲದು. ನೋವುಂಡವನ ಮಾತು ಪಕ್ಷಪಾತದ್ದು, ಬೇರೆ ಸಾಕ್ಷಿ ಬೇಕು ಎನ್ನುತ್ತದೆ ಲೋಕ. ಆ ಸಾಕ್ಷಿ ಈಗ ಆಕಾಶದಲ್ಲಿದೆ.

ಯೂರೋಪಿನ ಸೆಂಟಿನೆಲ್-2 ಉಪಗ್ರಹಗಳ ಚಿತ್ರದಲ್ಲಿ ಒಂದು ಚುಕ್ಕೆಯೆಂದರೆ ನೆಲದ ಮೇಲೆ 10 ಮೀಟರ್ ಉದ್ದ, 10 ಮೀಟರ್ ಅಗಲ. ನಮ್ಮ ಲೆಕ್ಕದಲ್ಲಿ ಹೆಚ್ಚುಕಡಿಮೆ ಒಂದು ಗುಂಟೆ. ಸೊಂಪಾದ ಎಲೆ ಕೆಂಪು ಬೆಳಕನ್ನು ಹೀರಿಕೊಂಡು, ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಹಿಂದಕ್ಕೆ ಚೆಲ್ಲುತ್ತದೆ. ಇವೆರಡರ ಅಂತರದಿಂದ ಹಸಿರನ್ನು ಅಳೆಯುತ್ತಾರೆ. ಬರ ನಿರ್ವಹಣೆಗೆಂದು ಕೇಂದ್ರ ಸರ್ಕಾರ 2016ರಲ್ಲಿ ಹೊರತಂದ ಕೈಪಿಡಿ, ಮಳೆಯ ಕೊರತೆಯ ಜೊತೆಗೆ ಇಂಥ ಅಳತೆಯನ್ನೂ ಪ್ರಮಾಣವಾಗಿ ಎಣಿಸುತ್ತದೆ.

ಇದನ್ನು ಹಳಿಯುವುದು ಸುಲಭ, ನಾನು ಹಳಿಯಲಾರೆ. ಹಿಂದೆ ಮುಂಬಯಿ ಪ್ರಾಂತದ ಆಣೆವಾರಿಯಲ್ಲಿ ಬೆಳೆ ಎಷ್ಟು ಆಣೆ ಎಂಬುದು ಕಣ್ಣಂದಾಜಿನ ಮಾತು. ಆ ಕಣ್ಣಿಗೆ ನೆಂಟರ ಹೊಲವೂ ಹಗೆಯವರ ಹೊಲವೂ ಒಂದೇ ಸಮನೆ ಕಾಣುತ್ತಿದ್ದವೆಂದು ನಂಬುವುದು ಹೇಗೆ? ಉಪಗ್ರಹಕ್ಕೆ ಜಾತಿಯಿಲ್ಲ, ನಂಟಿಲ್ಲ. ಅದು ಯಾರ ಮನೆಯ ಕಾಫಿಯನ್ನೂ ಕುಡಿಯುವುದಿಲ್ಲ.

ಆದರೆ 2023ನ್ನು ನೆನೆಯಿರಿ. ಕರ್ನಾಟಕದಲ್ಲಿ ಜೂನ್ ಮಳೆ ಕೈಕೊಟ್ಟಿತು, ಜುಲೈಯಲ್ಲಿ ಸುರಿಯಿತು, ಆಗಸ್ಟಿನಲ್ಲಿ ಮತ್ತೆ ಮಾಯವಾಯಿತು. ಅಷ್ಟು ಒಣಗಿದ ಆಗಸ್ಟನ್ನು ದೇಶವೇ 1901ರಿಂದೀಚೆಗೆ ಕಂಡಿರಲಿಲ್ಲ. ಜುಲೈ ಮಳೆಗೆ ಎದ್ದ ಪೈರು ಅನೇಕ ಕಡೆ ಹಸಿರಾಗಿಯೇ ನಿಂತಿತ್ತು. ತೆನೆಯಲ್ಲಿ ಮಾತ್ರ ಕಾಳು ಕಟ್ಟಿರಲಿಲ್ಲ. ರಾಜ್ಯ ಸರ್ಕಾರ 223 ತಾಲೂಕುಗಳನ್ನು ಬರಪೀಡಿತವೆಂದು ಸಾರಿತು. ಇದು 'ಹಸಿರು ಬರ' ಎಂದು ಕೇಂದ್ರದಿಂದ ಬಂದವರಿಗೆ ಬಿಡಿಸಿ ಹೇಳಬೇಕಾಯಿತು. ಹವೆ ಬದಲಾಗುತ್ತಿರುವ ಈ ಕಾಲದಲ್ಲಿ ಮಳೆಗಳ ನಡುವಿನ ಬಿಡುವೇ ಬೆಳೆ ಕೆಡಿಸುವ ಇಂಥ ವರ್ಷಗಳು ಇನ್ನೂ ಬಂದಾವು.

ಉಪಗ್ರಹ ಸುಳ್ಳು ಹೇಳಲಿಲ್ಲ. ಹಸಿರಿದೆಯೇ ಎಂದು ಕೇಳಿದೆವು, ಇದೆ ಎಂದಿತು. (ಬದುವಿನ ಬಳ್ಳಾರಿ ಜಾಲಿಯೂ ಹಸಿರೇ ತಾನೆ!) ಕಾಳಿದೆಯೇ ಎಂಬುದು ನಾವು ಕೇಳದೆ ಬಿಟ್ಟ ಪ್ರಶ್ನೆ. ಎಂಥ ಸಾಕ್ಷಿಯೂ ಒಮ್ಮೊಮ್ಮೆ ತಪ್ಪುತ್ತದೆ; ಆ ತಪ್ಪಿನ ಭಾರವನ್ನು ಯಾರ ಹೆಗಲಿಗೆ ಹೊರಿಸೋಣ? ರೈತನ ಕಡೆಗೆ ತಪ್ಪಿದರೆ ಬೊಕ್ಕಸಕ್ಕೆ ಅಷ್ಟಿಷ್ಟು ನಷ್ಟ. ಅವನಿಗೆ ಎದುರಾಗಿ ತಪ್ಪಿದರೆ ಹೆಂಡತಿಯ ಓಲೆ ಗಿರವಿಗೆ ಹೋಗುತ್ತದೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನಿಷ್ಪಕ್ಷಪಾತವಿರಬಹುದು. ನನಗೆ ಅದು ನ್ಯಾಯವೆನಿಸುವುದಿಲ್ಲ.

ನೂರಕ್ಕೆ ಹತ್ತು ಹಳ್ಳಿಗಳಲ್ಲಾದರೂ ಹೊಲಕ್ಕಿಳಿದು ನೋಡಬೇಕೆಂದು ಅದೇ ಕೈಪಿಡಿ ವಿಧಿಸಿದೆ. ಒಂದು ರಾಗಿ ತೆನೆಯನ್ನು ಅಂಗೈಯಲ್ಲಿ ಉಜ್ಜಿ ಊದಲು ಎಷ್ಟು ಹೊತ್ತು ಬೇಕು? ಜೊಳ್ಳಾದರೆ ಹಾರಿಹೋಗುತ್ತದೆ. ಪಕ್ಕದಲ್ಲಿ ನಿಂತ ರೈತ ಬಾಯಿ ತೆರೆಯಬೇಕಾಗಿಯೂ ಇಲ್ಲ.