ಬಲಪ್ರಯೋಗದ ಹಕ್ಕು ಮತ್ತು ಲಿಟಲ್ ರಾಕ್‌ನ ಒಂಬತ್ತು ಮಕ್ಕಳು

ಊರವರು ಕಳ್ಳನನ್ನು ಕಟ್ಟಿಹಾಕಿ ಹೊಡೆದರೆ ಅದು ಅಪರಾಧ. ಪೊಲೀಸರು ಅವನಿಗೆ ಬೇಡಿ ತೊಡಿಸಿದರೆ ಕರ್ತವ್ಯ. ಈ ವ್ಯತ್ಯಾಸ ಎಲ್ಲಿಂದ ಬಂತು? ಮ್ಯಾಕ್ಸ್ ವೆಬರ್ 1919ರಲ್ಲಿ ಮ್ಯೂನಿಕ್‌ನ ವಿದ್ಯಾರ್ಥಿಗಳ ಮುಂದೆ ಕೊಟ್ಟ ಉಪನ್ಯಾಸದಲ್ಲಿ ಇದಕ್ಕೆ ಉತ್ತರವಿದೆ. ಒಂದು ಸೀಮೆಯೊಳಗೆ ನ್ಯಾಯಸಮ್ಮತವಾಗಿ ಬಲ ಪ್ರಯೋಗಿಸುವ ಹಕ್ಕು ತನಗೊಂದಕ್ಕೇ ಸೇರಿದ್ದೆಂದು ಸಾಧಿಸಿಕೊಂಡದ್ದೇ ಪ್ರಭುತ್ವ. ಜನ ಅದನ್ನು ಸರಿಯೆಂದು ನಂಬಿರುವವರೆಗೆ ಅದಕ್ಕೆ ಮಾನ್ಯತೆ.

ಯಾವ ಜನ? ವೆಬರ್ ವ್ಯಾಖ್ಯೆ ಎಡವುವುದು ಇಲ್ಲೇ.

ಶಾಲೆಗಳಲ್ಲಿ ವರ್ಣಭೇದ ಸಂವಿಧಾನಬಾಹಿರವೆಂದು ಅಮೆರಿಕದ ಸುಪ್ರೀಂ ಕೋರ್ಟ್ 1954ರಲ್ಲೇ ತೀರ್ಪು ಕೊಟ್ಟಿತ್ತು. ಆದರೂ 1957ರ ಸೆಪ್ಟೆಂಬರ್‌ನಲ್ಲಿ ಆರ್ಕನ್ಸಾ ರಾಜ್ಯದ ಗವರ್ನರ್ ಓರ್ವಲ್ ಫೌಬಸ್, ಶಾಂತಿ ಕಾಪಾಡುವ ನೆಪ ಹೇಳಿ, ಲಿಟಲ್ ರಾಕ್‌ನ ಸೆಂಟ್ರಲ್ ಹೈಸ್ಕೂಲಿನ ಮುಂದೆ ರಾಜ್ಯದ ನ್ಯಾಷನಲ್ ಗಾರ್ಡ್ ಪಡೆಯನ್ನು ನಿಲ್ಲಿಸಿದರು. ಶಾಲೆಗೆ ಸೇರಬೇಕಿದ್ದ ಕಪ್ಪು ಮಕ್ಕಳು ಒಂಬತ್ತು ಮಂದಿ. ಎಲ್ಲರೂ ಒಟ್ಟಾಗಿ ಹೋಗಬೇಕೆಂಬ ಸುದ್ದಿ 15 ವರ್ಷದ ಎಲಿಜಬೆತ್ ಎಕ್‌ಫರ್ಡ್‌ಗೆ ಮುಟ್ಟಲಿಲ್ಲ, ಮನೆಯಲ್ಲಿ ಫೋನಿರಲಿಲ್ಲ. ಸೆಪ್ಟೆಂಬರ್ 4ರಂದು, ಮನೆಯಲ್ಲೇ ಹೊಲಿದ ಹೊಸ ಲಂಗ ತೊಟ್ಟು, ಪುಸ್ತಕವನ್ನು ಎದೆಗವಚಿಕೊಂಡು ಆಕೆ ಒಬ್ಬಳೇ ಬಂದಳು. ಬಿಳಿಯ ವಿದ್ಯಾರ್ಥಿಗಳಿಗೆ ದಾರಿ ಬಿಟ್ಟ ಸೈನಿಕರು ಆಕೆಯನ್ನು ತಡೆದರು. ಬೆನ್ನಟ್ಟಿದ ಗುಂಪಿನ ಬೈಗುಳದ ನಡುವೆ ಆಕೆ ಬಸ್ ನಿಲ್ದಾಣದ ಬೆಂಚಿನವರೆಗೆ ನಡೆದು ಕುಳಿತಳು.

ಆ ಸೈನಿಕರ ಸಮವಸ್ತ್ರ ಸರ್ಕಾರದ್ದು, ಆಜ್ಞೆಯೂ ಸರ್ಕಾರದ್ದೇ. ಬಿಳಿಯ ಬಹುಮತದ ಬೆಂಬಲವೂ ಇತ್ತು. ಹಾಗಿದ್ದರೆ ಅದು ನ್ಯಾಯವೇ? ಜನರ ನಂಬಿಕೆಯೊಂದನ್ನೇ ಅಳತೆಗೋಲು ಮಾಡಿಕೊಂಡರೆ ಇಲ್ಲವೆನ್ನಲು ಆಧಾರವೇ ಸಿಗದು. ಆಧಾರ ಕೊಡುವುದು ಅಂತರ್ಯುದ್ಧದ ನಂತರ, 1868ರಲ್ಲಿ, ಸಂವಿಧಾನಕ್ಕೆ ಸೇರಿದ 14ನೇ ತಿದ್ದುಪಡಿ: ಕಾನೂನಿನ ಸಮಾನ ರಕ್ಷಣೆಯನ್ನು ಯಾವ ರಾಜ್ಯವೂ ಯಾರಿಗೂ ನಿರಾಕರಿಸುವಂತಿಲ್ಲ. ಪ್ರಭುತ್ವದ ಬಲಕ್ಕೆ ಮಾನ್ಯತೆ ಬರುವುದು ಅದು ತೀರ ದುರ್ಬಲರನ್ನೂ ಕಾಯುವಾಗ. ಬಹುಮತದ ಒಪ್ಪಿಗೆ ಅದಕ್ಕೆ ಬದಲಿಯಾಗದು.

ಸೆಪ್ಟೆಂಬರ್ 24ರಂದು ಅಧ್ಯಕ್ಷ ಐಸೆನ್‌ಹೋವರ್ ಸೇನೆಯ 101ನೇ ಏರ್‌ಬೋರ್ನ್ ಡಿವಿಷನ್ನಿನ ಯೋಧರನ್ನು ಕಳಿಸಿದರು. ರಾಜ್ಯದ ಗಾರ್ಡ್ ಪಡೆಯನ್ನೂ ಗವರ್ನರ್ ಕೈಯಿಂದ ತೆಗೆದು ಕೇಂದ್ರದ ವಶಕ್ಕೆ ಪಡೆದರು. ಮರುದಿನ ಮಕ್ಕಳು ಯೋಧರ ಕಾವಲಿನಲ್ಲಿ ಶಾಲೆ ಪ್ರವೇಶಿಸಿದರು. ನವೆಂಬರ್‌ನಲ್ಲಿ ಯೋಧರು ಹಿಂದಿರುಗಿದ ಮೇಲೆ ಮಕ್ಕಳನ್ನು ಕಾಯುವ ಕೆಲಸ, ಮೊದಲು ದಾರಿಗಡ್ಡ ನಿಂತಿದ್ದ ಗಾರ್ಡ್ ಪಡೆಗೇ ಬಂತು. ಬಂದೂಕು ಅದೇ, ಮಾನ್ಯತೆ ಮಾತ್ರ ಹೊಸದು. ಶಾಲೆಯೊಳಗಿನ ಕಿರುಕುಳವೇನೂ ನಿಲ್ಲಲಿಲ್ಲ.

ಮುಂದಿನ ವರ್ಷ ಫೌಬಸ್ ನಗರದ ಹೈಸ್ಕೂಲುಗಳನ್ನೇ ಮುಚ್ಚಿಸಿದರು. ಮತದಾರರು ಅವರನ್ನು ಮತ್ತೆ ಮತ್ತೆ ಗೆಲ್ಲಿಸಿದರು. 1967ರವರೆಗೂ ಅವರೇ ಗವರ್ನರ್.