“ಊಟವಾಯಿತೇ?” ಎಂಬ ಪ್ರಶ್ನೆಯ ಕುರಿತು

ದಾರಿಯಲ್ಲಿ ಪರಿಚಿತರು ಎದುರಾದರೆ “ಊಟವಾಯಿತೇ?” “ಎತ್ತ ಹೊರಟಿರಿ?” ಎಂದು ಕೇಳುವದು ನಮ್ಮ ನಾಡಿನ ವಾಡಿಕೆಯಾಗಿದೆ. ಉಣ್ಣದಿರುವವನು ಸಹ “ಆಯಿತು” ಎನ್ನುತ್ತಾನೆ. ಇದು ಸುಳ್ಳಲ್ಲವೋ, ಇಂಥಾ ಬರಿಯ ಮಾತುಗಳಿಂದ ಪ್ರಯೋಜನವೇನು ಎಂದು ಸತ್ಯಪ್ರಿಯರಾದ ಕೆಲವರು ಕೇಳುವದುಂಟು. ಮಾತು ತೋಚದೆ ಸಂಕೋಚಪಡುವವರಿಗೂ ಈ ವಾಡಿಕೆಯು ಒಂದು ಭಾರವೇ. ಆದುದರಿಂದ ಇದನ್ನು ಸ್ವಲ್ಪ ವಿಚಾರಿಸೋಣ.

ಮಾತಿನ ಕೆಲಸವು ಸುದ್ದಿ ತಿಳಿಸುವದೊಂದೇ ಅಲ್ಲ. ಮನೆಯಿಂದ ಹೊರಡುವವನು “ಹೋಗುತ್ತೇನೆ” ಎನ್ನದೆ “ಬರುತ್ತೇನೆ” ಎನ್ನುತ್ತಾನಷ್ಟೆ; ಅವನನ್ನು ಸುಳ್ಳುಗಾರನೆಂದು ಯಾರೂ ಹೇಳರು. ನ್ಯೂಗಿನಿಯ ಪೂರ್ವಕ್ಕಿರುವ ಟ್ರೋಬ್ರಿಯಂಡ್ ದ್ವೀಪಗಳ ಜನರೊಂದಿಗೆ ವಾಸಿಸಿದ ಮಲಿನೋವ್‌ಸ್ಕಿ ಎಂಬ ಪಂಡಿತರು 1923ರಲ್ಲಿ ಪ್ರಕಟವಾದ ತಮ್ಮ ಪ್ರಬಂಧದಲ್ಲಿ, ಕುಶಲಪ್ರಶ್ನೆಗಳು ವಿಷಯವನ್ನು ತಿಳಿಯುವದಕ್ಕಲ್ಲ, ಮನುಷ್ಯರನ್ನು ಒಂದುಗೂಡಿಸುವದಕ್ಕೇ ಇರುತ್ತವೆಂದು ತೋರಿಸಿದರು. ಅಪರಿಚಿತನ ಮೌನವು ಭಯವನ್ನು ಹುಟ್ಟಿಸುವದು. ಒಂದು ಮಾತು ಆ ಭಯವನ್ನು ನೀಗಿಸುವದು.

ಹಾಗಾದರೆ “ಊಟವಾಯಿತೇ?” ಎಂಬದರ ಅರ್ಥವು “ನಿಮ್ಮನ್ನು ಕಂಡೆನು, ನಮ್ಮೊಳಗೆ ಹಗೆಯಿಲ್ಲ” ಎಂಬದೇ. ಇದನ್ನು ಅರಿತವರು ಜಾಣತನದ ಉತ್ತರಕ್ಕಾಗಿ ತಡಕಾಡಬೇಕಾಗಿಲ್ಲ. “ಆಯಿತು, ನಿಮ್ಮದು?” ಎಂದರೆ ಸಾಕು. ಬಳಿಕ ಮಳೆಬೆಳೆಗಳ ವಿಷಯವಾಗಿ ಒಂದು ಮಾತು. ಅನಂತರ ಮೌನವು ಬಂದರೆ ಬರಲಿ, ಅದರಿಂದ ಯಾರಿಗೂ ಅವಮಾನವಿಲ್ಲ.

ಆದರೆ ಕುಶಲಪ್ರಶ್ನೆಯ ವೇಷದಲ್ಲಿ ಬರುವ ಬೇರೆ ಪ್ರಶ್ನೆಗಳೂ ಉಂಟು. “ಇನ್ನೂ ಮಕ್ಕಳಾಗಲಿಲ್ಲವೇ?” “ಮಗಳಿಗೆ ಗಂಡು ಸಿಕ್ಕಲಿಲ್ಲವೇ?” “ಸಾಲ ತೀರಿತೇ?” ಕೇಳಿದವನು ಮರೆತು ಮುಂದೆ ಹೋಗುವನು, ಕೇಳಿಸಿಕೊಂಡವಳು ರಾತ್ರಿಯೆಲ್ಲಾ ನಿದ್ರೆಗೆಡುವಳು. ಯಾರಾದರೂ ನಾಚಿಕೆಯಿಲ್ಲದೆ ಒಂದೇ ಮಾತಿನಲ್ಲಿ ಉತ್ತರಿಸಬಹುದಾದದ್ದೇ ಕುಶಲಪ್ರಶ್ನೆ. ಉಳಿದವುಗಳನ್ನು ಬೀದಿಯಲ್ಲಿ ಕೇಳುವ ಹಕ್ಕು ನಮಗಿಲ್ಲ. ಅಂಥಾದ್ದನ್ನು ಯಾರಾದರೂ ನಮ್ಮನ್ನು ಕೇಳಿದರೆ ಸುಳ್ಳಾಡುವದೂ ಬೇಡ, ಲೆಕ್ಕ ಒಪ್ಪಿಸುವದೂ ಬೇಡ. “ನಡೆಯುತ್ತಿದೆ” ಎಂದು ಹೇಳಿ ಅವರ ಮನೆಯವರ ಕ್ಷೇಮವನ್ನು ವಿಚಾರಿಸುವದು ಲೇಸು.

ಸತ್ಯಪ್ರಿಯರ ಪ್ರಶ್ನೆಗೆ ನಮ್ಮ ಉತ್ತರವಿದು. ಹಸಿದವನು ತನ್ನ ಬಡತನವನ್ನು ಮುಚ್ಚಿಕೊಂಡು “ಆಯಿತು” ಎಂದರೆ ಅದರಿಂದ ಯಾರಿಗೂ ಮೋಸವಿಲ್ಲ. ಆದರೆ ಒಂದು ದಿನ ಅವನು ತಗ್ಗಿದ ಸ್ವರದಲ್ಲಿ “ಇಲ್ಲ” ಎಂದರೆ, ಆ ಕ್ಷಣವೇ ವಾಡಿಕೆಯು ತೀರಿತು, ಪ್ರಶ್ನೆಯು ನಿಜವಾಯಿತು, ಕೇಳಿದವನು ಸಾಲಗಾರನಾದನು. ಆಗ ನಿಂತು ಅವನನ್ನು ಮನೆಗೆ ಕರೆಯದೆ ಮುಂದೆ ಸಾಗಿದರೆ, ಅಷ್ಟು ವರುಷ ಸುಳ್ಳಾಡಿದವನು ಉತ್ತರ ಕೊಟ್ಟವನಲ್ಲ, ಕೇಳಿದವನೇ.