ಬೆರಳಿಗೂ ಗುಂಡಿಗೂ ನಡುವಿನ ತೂಕ

ಆಯುಧಪೂಜೆಯ ಬೆಳಿಗ್ಗೆ ಬಳ್ಳಾರಿಯ ಜೀನ್ಸ್ ಘಟಕಗಳಲ್ಲಿ ಹೊಲಿಗೆ ಯಂತ್ರಗಳು ಕುಂಕುಮ ಇಟ್ಟುಕೊಂಡು ಸುಮ್ಮನೆ ಕೂತಿರುತ್ತವೆ. ಸಿರುಗುಪ್ಪದ ಅಕ್ಕಿ ಗಿರಣಿಗಳಲ್ಲಿ ಬೆಲ್ಟು ಹಾಯುವ ಗಾಲಿಗಳಿಗೆ ಚೆಂಡುಹೂವಿನ ಮಾಲೆ, ಭತ್ತ ಕೊಯ್ಯುವ ಯಂತ್ರದ ಮುಂದೆ ಒಡೆದ ಬೂದುಗುಂಬಳ. ಪೊಲೀಸರ ಶಸ್ತ್ರಾಗಾರದಲ್ಲಿ ರೈಫಲು, ಪಿಸ್ತೂಲುಗಳಿಗೂ ಅದೇ ಅರಿಸಿನ, ಅದೇ ಆರತಿ. ಹೊಲಿಗೆ ಯಂತ್ರದ ಸೂಜಿ ಹೋದ ವಾರದ್ದು, ಮೋಟಾರು ಹೋದ ವರ್ಷದ್ದು. ಆದರೂ ಮನೆಯವರು ಅದನ್ನು ಅಪ್ಪನ ಕಾಲದ ಮಿಷನ್ನು ಎಂದೇ ಕರೆಯುತ್ತಾರೆ. ಹಾಗಾದರೆ ಕುಂಕುಮ ತಾಗಿದ್ದು ಯಾವುದಕ್ಕೆ? ಉಳಿದುಕೊಂಡ ಕಬ್ಬಿಣಕ್ಕೋ, ಹೆಸರಿಗೋ, ಅದು ಮಾಡುತ್ತ ಬಂದ ಕೆಲಸಕ್ಕೋ?

ಬಳ್ಳಾರಿಯ ಮಣ್ಣಿಗೆ ಈ ಪ್ರಶ್ನೆ ಬಹಳ ಹಳೆಯದು. ಊರ ಪಕ್ಕದ ಸಂಗನಕಲ್ಲಿನ ಹಿರೇಗುಡ್ಡದಲ್ಲಿ ನವಶಿಲಾಯುಗದ ಜನ ಕರಿಗಲ್ಲನ್ನು ಸೀಳಿ, ಬಂಡೆಯ ಮೇಲೆ ಉಜ್ಜಿ, ದೊಡ್ಡ ಪ್ರಮಾಣದಲ್ಲಿ ಕೊಡಲಿ ತಯಾರಿಸುತ್ತಿದ್ದರು. ಉಜ್ಜಿ ಉಜ್ಜಿ ಬಿದ್ದ ತೋಡುಗಳು ಇಂದಿಗೂ ಬಂಡೆಗಳಲ್ಲಿವೆ. ಕಲ್ಲಿನ ಅಲಗು ಮೊಂಡಾದರೆ ಮತ್ತೆ ಮಸೆಯಬಹುದು, ಒಡೆದರೆ ಬೇರೆಯದನ್ನು ಕೂರಿಸಬಹುದು. ಮರದ ಕಾವಂತೂ ಎಷ್ಟು ಸಲ ಬದಲಾಗುತ್ತಿತ್ತೋ. ಕಾವೂ ಬದಲಾಗಿ ಅಲಗೂ ಬದಲಾದ ಮೇಲೆ ಅದು ಅಜ್ಜನ ಕೊಡಲಿಯೇ ಎಂಬ ಪ್ರಶ್ನೆ ಆ ಗುಡ್ಡದ ಮೇಲೆ ಯಾರಿಗೂ ಹೊಳೆದಿರಲಿಕ್ಕಿಲ್ಲ ಎನ್ನಲು ಧೈರ್ಯ ಬೇಕು.

ಗ್ರೀಕರು ಇದನ್ನು, ಹಲಗೆಗಳು ಒಂದೊಂದಾಗಿ ಬದಲಾಗುತ್ತ ಹೋದ ಥೀಸಿಯಸ್‌ನ ಹಡಗಿನ ನೆಪದಲ್ಲಿ ಕೇಳಿದರು. ಬೌದ್ಧರು ಕೇಳಿದ್ದು ರಥದ ನೆಪದಲ್ಲಿ. ಮಿಲಿಂದ ರಾಜ ರಥದಲ್ಲಿ ಬಂದೆ ಎಂದಾಗ ನಾಗಸೇನ ಭಿಕ್ಷು ಒಂದೊಂದೇ ಭಾಗ ತೋರಿಸಿ ವಿಚಾರಿಸುತ್ತಾನೆ: ಅಚ್ಚು ರಥವೇ, ಗಾಲಿ ರಥವೇ, ನೊಗ ರಥವೇ? ಯಾವುದೂ ಅಲ್ಲ, ಎಲ್ಲ ಕೂಡಿದಾಗ ವ್ಯವಹಾರಕ್ಕೆಂದು ಇಟ್ಟ ಹೆಸರು ರಥ. ತೇರು ಎಳೆದು ಗೊತ್ತಿರುವ ಈ ಸೀಮೆಯವರಿಗೆ ಆ ಮಾತನ್ನು ಬಿಡಿಸಿ ಹೇಳಬೇಕಿಲ್ಲ. 2017ರ ಫೆಬ್ರುವರಿಯಲ್ಲಿ, ಆಗ ಬಳ್ಳಾರಿ ಜಿಲ್ಲೆಯಲ್ಲೇ ಇದ್ದ ಕೊಟ್ಟೂರಿನಲ್ಲಿ, ಗುರುಬಸವೇಶ್ವರರ ತೇರು ನಡುದಾರಿಯಲ್ಲಿ ಉರುಳಿತು. ಗಾಲಿಯ ಅಚ್ಚು ಮುರಿದದ್ದೇ ಕಾರಣವೆಂದು ಸುದ್ದಿಯಾಯಿತು. ಕೂಡಿದ್ದು ಕಳಚಿದರೆ ಏನಾಗುತ್ತದೆಂದು ಸಾವಿರಾರು ಜನ ಕಣ್ಣಾರೆ ಕಂಡರು.

ಕುರುಗೋಡಿನ ದೊಡ್ಡಬಸವೇಶ್ವರನ ಸಂಗತಿ ಇದಕ್ಕೆ ತದ್ವಿರುದ್ಧ. ಅಲ್ಲಿನ ಮಹಾನಂದಿ ಏಕಶಿಲೆ. ಅದಕ್ಕೆ ಬಿಡಿಭಾಗವೆಂಬುದಿಲ್ಲ, ಬದಲಾಯಿಸುವ ಮಾತೂ ಇಲ್ಲ. ಆದರೆ ಅದೇ ದೇವರ ತೇರಿಗೆ ಹಗ್ಗ ಸವೆಯುತ್ತದೆ, ಹಲಗೆ ಸವೆಯುತ್ತದೆ, ಹೊಸದು ಬರುತ್ತದೆ. ನಿಂತದ್ದು ಇಡಿಯಾಗಿ ಉಳಿದಿದೆ, ನಡೆಯುವುದು ಬಿಡಿಬಿಡಿಯಾಗಿ ಹೊಸತಾಗುತ್ತ ಉಳಿದಿದೆ. ಆಗಮದವರೂ ಇದಕ್ಕೊಂದು ದಾರಿ ಮಾಡಿಕೊಂಡಿದ್ದಾರೆ. ಜೀರ್ಣೋದ್ಧಾರಕ್ಕೆ ಮೊದಲು ಮೂರ್ತಿಯ ಕಳೆಯನ್ನು ಕಲಶಕ್ಕೆ ಇಳಿಸಿ ಬಾಲಾಲಯದಲ್ಲಿ, ಅಂದರೆ ತಾತ್ಕಾಲಿಕ ಗುಡಿಯಲ್ಲಿ, ಇಟ್ಟುಕೊಳ್ಳುತ್ತಾರೆ, ಕೆಲಸ ಮುಗಿದ ಮೇಲೆ ಮತ್ತೆ ತುಂಬುತ್ತಾರೆ. ಕಲ್ಲು ಬದಲಾಗಬಹುದು, ಕಲಶ ಮಾತ್ರ ನೆಲಕ್ಕೆ ಬೀಳಬಾರದು.

ಈಗ ಪಿಸ್ತೂಲಿಗೆ ಬರಬಹುದು. ಸೆಮಿ ಆಟೊಮ್ಯಾಟಿಕ್ ಪಿಸ್ತೂಲು ಕೂಡ ಒಂದು ಬಗೆಯ ತೇರೇ, ಅನೇಕ ಭಾಗಗಳ ಕೂಟ. ಟ್ರಿಗರ್ ಎಳೆದರೆ ಒಂದು ಗುಂಡು ಹಾರುತ್ತದೆ. ಅದರ ಒದೆತಕ್ಕೆ ಮೇಲಿನ ಸ್ಲೈಡು ಹಿಂದೆ ಸರಿದು ಖಾಲಿ ಕೋಶವನ್ನು ಹೊರಕ್ಕೆ ಎಸೆಯುತ್ತದೆ. ಸ್ಪ್ರಿಂಗು ಅದನ್ನು ಮುಂದಕ್ಕೆ ತಳ್ಳುವಾಗ ಇನ್ನೊಂದು ಗುಂಡು ನಳಿಗೆಗೆ ಏರುತ್ತದೆ. ಮತ್ತೆ ಹಾರಬೇಕಾದರೆ ಬೆರಳು ಮತ್ತೆ ಎಳೆಯಬೇಕು. ಹಿಡಿಕೆ, ಗುರಿಕಣ್ಣು, ಸ್ಪ್ರಿಂಗು, ನಳಿಗೆ, ಟ್ರಿಗರ್ ಎಲ್ಲವೂ ಕಳಚಿ ಬರುತ್ತವೆ. ಅಮೆರಿಕದಲ್ಲಿ ಮೂಲ ಕಂಪನಿಯದಲ್ಲದ ಇಂಥ ಭಾಗಗಳ ವ್ಯಾಪಾರವೇ ದೊಡ್ಡದು. ಅಲ್ಲಿನ ಕಾನೂನಿನ ಕಣ್ಣಿಗೆ ಕ್ರಮಸಂಖ್ಯೆ ಕೆತ್ತಿದ ಚೌಕಟ್ಟೇ ಪಿಸ್ತೂಲು. ಸಿಗ್ ಸಾವರ್ ಕಂಪನಿಯ ಪಿ320 ಮಾದರಿಯಲ್ಲಂತೂ ಆ ಸಂಖ್ಯೆ ಇರುವುದು ಒಳಗಿನ ಒಂದು ಪುಟ್ಟ ಲೋಹದ ಅಂಗದ ಮೇಲೆ. ಹಿಡಿಕೆ, ಸ್ಲೈಡು, ನಳಿಗೆ ಎಲ್ಲ ಬೇರೆಯಾದರೂ ಕಾಗದದ ಮೇಲೆ ಅದೇ ಪಿಸ್ತೂಲು.

ಭಾರತದ ಕಾನೂನು ಬೇರೆ ದಾರಿ ಹಿಡಿದಿದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಎರಡನೇ ಕಲಮು ಆಯುಧದ ಅರ್ಥ ಹೇಳುವಾಗ ಅದರ ಬಿಡಿಭಾಗಗಳನ್ನೂ ಒಳಗೆ ಸೇರಿಸಿಕೊಳ್ಳುತ್ತದೆ. ದುರಸ್ತಿ ಮಾಡಲಿಕ್ಕೂ ಪರವಾನಗಿ ಬೇಕು. ಗುರುತಿನ ಸಂಖ್ಯೆಯನ್ನು ಅಳಿಸುವುದು ಅಪರಾಧ. ಅಚ್ಚು ರಥವಲ್ಲ ಎಂದ ನಾಗಸೇನನಿಗೆ ಈ ಕಾಯ್ದೆ, ಅಚ್ಚೂ ರಥವೇ ಎಂದು ಉತ್ತರಿಸಿದಂತಿದೆ. ತತ್ತ್ವದ ದೃಷ್ಟಿಯಿಂದ ಇದು ಒರಟು ಉತ್ತರ ಅನ್ನಿಸಬಹುದು. ಆದರೆ ಹೊಣೆಗಾರಿಕೆಯ ಪ್ರಶ್ನೆ ಬಂದಾಗ ಈ ಒರಟುತನವೇ ಹೆಚ್ಚು ನ್ಯಾಯದ್ದು. ಚುನಾವಣೆ ಬಂದಾಗ ಪರವಾನಗಿದಾರರು ಪಿಸ್ತೂಲನ್ನು ಠಾಣೆಗೆ ಒಪ್ಪಿಸುತ್ತಾರೆ. ಅದು ಹಿಂದಿರುಗುವುದು ಸಂಖ್ಯೆಯ ಗುರುತಿನ ಮೇಲೆ. ಆ ಸಂಖ್ಯೆಯ ಹಿಂದೆ ಒಬ್ಬ ಮನುಷ್ಯ ಇದ್ದಾನೆ, ಅವನನ್ನು ಕರೆದು ಕೇಳಬಹುದು. ಬಾಲಾಲಯದ ಕಲಶ ಕಾಯುವುದೂ ಇಂಥದೇ ಒಂದು ಎಳೆಯನ್ನು.

ಹಾಗೆಂದು ಎಲ್ಲ ಬದಲಾವಣೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ದಣಿದ ಸ್ಪ್ರಿಂಗನ್ನು ತೆಗೆಸಿ ಹೊಸದು ಹಾಕಿಸುವುದು ಎಚ್ಚರ. ಹಾಕಿಸದೆ ಬಿಡುವುದೇ ತಪ್ಪು. ಅಂಗೈಗೆ ತಕ್ಕ ಹಿಡಿಕೆ ಗುರಿಯನ್ನು ನಿಲ್ಲಿಸುತ್ತದೆ. ಟ್ರಿಗರ್ ಹಗುರ ಮಾಡುವುದು ಮಾತ್ರ ಬೇರೆ ಜಾತಿಯ ಕೆಲಸ. ಹಳಬರು ಬಂದೂಕಿನ ಕುದುರೆ ಎನ್ನುತ್ತಿದ್ದ ಆ ಕೊಕ್ಕೆಯ ಬಿಗುವಿನಲ್ಲಿ ಒಂದು ಕ್ಷಣ ಅಡಗಿದೆ. ಎಳೆಯಬೇಕು ಎಂಬ ಮನಸ್ಸಿಗೂ ಎಳೆದಾಯಿತು ಎಂಬ ಕೃತ್ಯಕ್ಕೂ ನಡುವೆ ಬೆರಳು ಆ ಬಿಗುವನ್ನು ಎದುರಿಸಬೇಕು. ಅದನ್ನು ಕಡಿಮೆ ಮಾಡಿಸಿಕೊಂಡವನು ತನ್ನ ಮನಸ್ಸು ಬದಲಾಗಲು ಇದ್ದ ಜಾಗವನ್ನೂ ಕಡಿಮೆ ಮಾಡಿಕೊಂಡ.

ಬುದ್ಧ ಚೇತನೆಯನ್ನೇ, ಅಂದರೆ ಸಂಕಲ್ಪವನ್ನೇ, ಕರ್ಮ ಎಂದ. ಜೈನರು ಇನ್ನೂ ಸೂಕ್ಷ್ಮಕ್ಕೆ ಇಳಿದರು. ಉಮಾಸ್ವಾತಿಯ ತತ್ತ್ವಾರ್ಥಸೂತ್ರದ ಆರನೇ ಅಧ್ಯಾಯ ಕರ್ಮ ಒಳಹರಿಯಲು ಆಧಾರವಾಗುವ ನಿರ್ಜೀವ ಸಂಗತಿಗಳನ್ನು ಹೇಳುವಾಗ ಸಂಯೋಗವನ್ನೂ ಎಣಿಸುತ್ತದೆ. ಪೂಜ್ಯಪಾದರ ವ್ಯಾಖ್ಯಾನದಲ್ಲಿ ಅದಕ್ಕೆ ಎರಡು ಕವಲು: ಆಹಾರಪಾನಗಳ ಸಂಯೋಗ ಒಂದು, ಉಪಕರಣಗಳ ಸಂಯೋಗ ಇನ್ನೊಂದು. ಒಂದು ಸಾಧನಕ್ಕೆ ಇನ್ನೊಂದನ್ನು ಜೋಡಿಸುವ ಸಾಮಾನ್ಯ ಕ್ರಿಯೆಯನ್ನೂ ಅವರು ನೀತಿಯ ಲೆಕ್ಕದಿಂದ ಹೊರಗೆ ಬಿಡಲಿಲ್ಲ. ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಗೃಹಸ್ಥರು ಬಿಡಬೇಕಾದ ಅನರ್ಥದಂಡಗಳಲ್ಲಿ, ಎಂದರೆ ನಿಷ್ಪ್ರಯೋಜಕ ಪಾಪಕಾರ್ಯಗಳಲ್ಲಿ, ಹಿಂಸಾದಾನವನ್ನು ಸೇರಿಸಿದರು, ಅಂದರೆ ಹಿಂಸೆಯ ಸಾಧನಗಳನ್ನು ಇನ್ನೊಬ್ಬರ ಕೈಗೆ ಕೊಡುವುದು. ಆ ಸಾಧನಗಳ ಪಟ್ಟಿಯಲ್ಲಿ ಕೊಡಲಿಯೂ ಇದೆ. ಜೋಡಿಸಿದವನು, ಕೊಟ್ಟವನು ತಾನು ಕೊಂದಿಲ್ಲ ಎಂದು ಕೈ ತೊಳೆದುಕೊಳ್ಳುವ ದಾರಿಯನ್ನು ಈ ಹಿರಿಯರು ಮೊದಲೇ ಮುಚ್ಚಿದ್ದರು.

ಕ್ರೀಡೆ ಇದನ್ನು ತನ್ನದೇ ಭಾಷೆಯಲ್ಲಿ ಒಪ್ಪಿಕೊಂಡಿದೆ. 2021ರಲ್ಲಿ ಟೋಕಿಯೊ ಒಲಿಂಪಿಕ್ಸ್‌ನ ಅರ್ಹತಾ ಸುತ್ತಿನ ನಡುವೆ ಮನು ಭಾಕರ್ ಅವರ ಏರ್ ಪಿಸ್ತೂಲಿನ ಒಂದು ಸನ್ನೆ ಕೆಟ್ಟು, ಅದನ್ನು ಸರಿಪಡಿಸುವುದರಲ್ಲಿ ಬೆಲೆಬಾಳುವ ನಿಮಿಷಗಳು ಹೋದವು, ಫೈನಲ್ ಕೈತಪ್ಪಿತು. ಭಾಗವನ್ನು ಬದಲಿಸಬಾರದು ಎಂದು ಅಲ್ಲಿ ಯಾರೂ ಹೇಳುವುದಿಲ್ಲ. ಹಿಡಿಕೆಯನ್ನು ಅಂಗೈಗೆ ತಕ್ಕಂತೆ ಕೆತ್ತಿಸಿಕೊಳ್ಳುವುದು ವಾಡಿಕೆಯೇ. ಟ್ರಿಗರ್‌ಗೆ ಮಾತ್ರ ಕೆಳಮಿತಿ ಇದೆ: ಏರ್ ಪಿಸ್ತೂಲಿಗೆ 500 ಗ್ರಾಂ, 25 ಮೀಟರ್ ಸ್ಪರ್ಧೆಯ ಪಿಸ್ತೂಲಿಗೆ 1,000 ಗ್ರಾಂ. ನಳಿಗೆಯನ್ನು ನೆಟ್ಟಗೆ ನಿಲ್ಲಿಸಿ, ಟ್ರಿಗರ್‌ಗೆ ತೂಕದ ಬಟ್ಟು ನೇತುಹಾಕಿ ಎತ್ತುತ್ತಾರೆ. ಟ್ರಿಗರ್ ಆ ಭಾರವನ್ನು ಬಿಡದೆ ಹೊರಬೇಕು. ರಟ್ಟಿನ ಗುರಿಗೆ ಹೊಡೆಯುವ ಆಟಕ್ಕೇ ಇಷ್ಟು ತೂಕ ಬೇಕಾದರೆ, ಜೇಬಿನಲ್ಲಿ ಪಿಸ್ತೂಲು ಇಟ್ಟುಕೊಂಡು ಸಂತೆಗೂ ಮದುವೆಗೂ ಹೋಗುವವನಿಗೆ ಎಷ್ಟು ಬೇಕು?

ಮನಸ್ಸಿಗೂ ಕೃತ್ಯಕ್ಕೂ ನಡುವಿನ ಈ ಅಂತರಕ್ಕೆ ಬಳ್ಳಾರಿ ಸೀಮೆಯಲ್ಲೇ ಒಂದು ಹಳೆಯ ಸಾಕ್ಷಿ ಇದೆ: ಸಿರುಗುಪ್ಪ ತಾಲ್ಲೂಕಿನ ನಿಟ್ಟೂರು, ಉಡೇಗೋಳಗಳಲ್ಲಿ ಅಶೋಕನ ಕಿರುಶಿಲಾಶಾಸನಗಳಿವೆ. ಅವನ ಹೆಸರು ಅಶೋಕ ಎಂದೇ ಸ್ಪಷ್ಟವಾಗಿ ಬರುವ ಕೆಲವೇ ಶಾಸನಗಳ ಸಾಲಿಗೆ ಇವೂ ಸೇರಿವೆ. ಈ ವರ್ಗದ ಶಾಸನಗಳಲ್ಲಿ ಅವನು ಮರೆಮಾಚದೆ ಒಂದು ಸಂಗತಿ ತಿಳಿಸುತ್ತಾನೆ: ಬೌದ್ಧ ಉಪಾಸಕನಾಗಿ ಎರಡೂವರೆ ವರ್ಷಕ್ಕೂ ಹೆಚ್ಚಾಯಿತು, ಆದರೆ ಮೊದಲ ಒಂದು ವರ್ಷ ತನ್ನಿಂದ ಹೆಚ್ಚಿನ ಪ್ರಯತ್ನ ಆಗಲಿಲ್ಲ. ಕಳಿಂಗದಲ್ಲಿ ಲಕ್ಷ ಜನರ ಸಾವಿಗೆ ಕಾರಣನಾದ ದೊರೆ ಮನಸ್ಸಿಗೂ ಕೃತ್ಯಕ್ಕೂ ನಡುವೆ ಬಿದ್ದ ಆ ಒಂದು ವರ್ಷವನ್ನು ಲೆಕ್ಕ ಹಾಕಿ, ಬ್ರಾಹ್ಮೀ ಲಿಪಿಯಲ್ಲಿ ಬಂಡೆಗೆ ಹೊಡೆಸಿದ. ತುಂಗಭದ್ರೆಯ ದಂಡೆಯ ನಿಟ್ಟೂರಿನ ಗದ್ದೆ ಬಯಲಿನಲ್ಲಿ, ಪ್ರತಿ ಸುಗ್ಗಿಗೂ ಹೊಸ ಬ್ಲೇಡು ಹಾಕಿಸಿಕೊಂಡ ಕೊಯ್ಲಿನ ಯಂತ್ರಗಳು ಆ ಬಂಡೆಯ ಸೀಮೆಯಲ್ಲೇ ಓಡಾಡುತ್ತವೆ.